ಟವೆಲ್ಲಿನ ಕೆಳಗೆ ಮೂರು ಬೆರಳು

ಊರಿನ ಹೆಸರು ಬರೆಯುವುದಿಲ್ಲ. ಮಕ್ತಲ್ ದಾಟಿ ಕೃಷ್ಣಾ ಹೊಳೆಯ ಕಡೆ ಇಳಿಯುವಾಗ ಸಿಗುವ ಒಂದು ಸಣ್ಣ ಪಟ್ಟಣ ಅಂದರೆ ಸಾಕು. ಆ ಊರಿನ ಮೋರಿ ನೀರನ್ನು ಶುದ್ಧ ಮಾಡುವ ಪ್ಲಾಂಟನ್ನು ನಡೆಸುವ ಗುತ್ತಿಗೆ ನನ್ನದು. ನಾನು ಹೇಳಹೊರಟಿರುವ ತಪ್ಪು ಊರಿನದಲ್ಲ, ಅಧಿಕಾರಿಗಳದಲ್ಲ, ನನ್ನ ಕೈಕೆಳಗಿನವರದಂತೂ ಅಲ್ಲವೇ ಅಲ್ಲ. ಇಂಥ ಕೆಲಸ ಹಿಡಿಯಬೇಕೆನ್ನುವವರು ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಅವರು ಕೇಳದಿದ್ದರೂ ಹೇಳುವವನು ನಾನು. ಯಾವ ಪಂಪು ತಾಳುತ್ತದೆ, ಯಾವ ಬ್ಲೋವರ್ ಕೈಕೊಡುತ್ತದೆ, ಎಲ್ಲ ಹೇಳುತ್ತೇನೆ. ಇದೊಂದನ್ನು ಮಾತ್ರ ಬಿಟ್ಟುಬಿಡುತ್ತೇನೆ. ಹಾಗೆ ಬಿಡುವುದೂ ಒಂದು ಬಗೆಯ ಮೋಸ ಅನ್ನಿಸಿ ಈಗ ಬರೆಯುತ್ತಿದ್ದೇನೆ.

ಪ್ಲಾಂಟ್ ಅಂದರೆ ದೊಡ್ಡ ಯಂತ್ರ ಎಂದು ಜನ ತಿಳಿದಿದ್ದಾರೆ. ಮೊದಲು ದನದ ದಲಾಲಿ ಮಾಡಿದ ನನಗೆ ಅದು ಕೊಟ್ಟಿಗೆಯಂತೆ ಕಾಣುತ್ತದೆ. ಊರಿನ ಹೊಲಸು ಜಾಲರಿ ದಾಟಿ, ಮರಳು ಇಳಿಸಿ, ಒಂದು ದೊಡ್ಡ ತೊಟ್ಟಿಗೆ ಬರುತ್ತದೆ. ಅಲ್ಲಿ ಬ್ಲೋವರ್ ತಳದಿಂದ ಗಾಳಿ ಊದುತ್ತಿರುತ್ತದೆ. ಆ ಗಾಳಿಯಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಬದುಕಿ ಹೊಲಸನ್ನು ತಿನ್ನುತ್ತವೆ. ತಿಂದು ಕೊಬ್ಬಿದ ಮೇಲೆ ಒಂದಕ್ಕೊಂದು ಅಂಟಿಕೊಂಡು ಕಂದು ಕೆಸರಾಗಿ ಮುಂದಿನ ತೊಟ್ಟಿಯ ತಳ ಸೇರುತ್ತವೆ. ಮೇಲೆ ನಿಂತ ತಿಳಿನೀರಿಗೆ ಕ್ಲೋರಿನ್ ಬೆರೆಸಿ ಹಳ್ಳಕ್ಕೆ ಬಿಡಬೇಕು, ಕೆಸರಿನ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೆ ತಿರುಗಿಸಬೇಕು. ದನಕ್ಕೆ ಹೊತ್ತಿಗೆ ಸರಿಯಾಗಿ ಮೇವು ಹಾಕಿದಂತೆ ಇವಕ್ಕೂ ಹೊತ್ತಿಗೆ ಸರಿಯಾಗಿ ಹೊಲಸು ಬೀಳಬೇಕು. ಇಷ್ಟು ತಿಳಿದರೆ ಮುಂದಿನದು ತಿಳಿಯುತ್ತದೆ.

ನಾನು ಕೆಲಸ ಹಿಡಿದಾಗ ಎಲ್ಲ ತಯಾರಿತ್ತು, ಹೊರಗೆ ಹೋಗುವ ಪೈಪು ಒಂದನ್ನು ಬಿಟ್ಟು. ತಿಳಿನೀರು ಹಳ್ಳ ಸೇರಬೇಕಾದರೆ ಒಬ್ಬ ಮುದುಕ ರೈತನ ಹೊಲ ದಾಟಬೇಕು. ಆತ ಅಲ್ಲಿ ಪೈಪು ಹೂಳಲು ಬಿಡುತ್ತಿರಲಿಲ್ಲ. ಅಧಿಕಾರಿಗಳು ವರ್ಷವಿಡೀ ತಿರುಗಿ ಸೋತಿದ್ದರು. ಶುದ್ಧವಾದ ನೀರು ಕಾಂಪೌಂಡಿನ ಹಿಂದೆ ನಿಂತು ಜೊಂಡು ಬೆಳೆದು ಸೊಳ್ಳೆ ಹುಟ್ಟಿಸುತ್ತಿತ್ತು.

ನಾನು ಒಂದು ಬೆಳಿಗ್ಗೆ ಚಹಾ ಪುಡಿ, ಸಕ್ಕರೆ ಕಟ್ಟಿಸಿಕೊಂಡು ಅವನ ಹೊಲದ ಗುಡಿಸಲಿಗೆ ಹೋದೆ. ಸಂತೆಯ ಕಾಲದಿಂದ ನನ್ನನ್ನು ಬಲ್ಲವನು. ನೋಡಿದ ಕೂಡಲೇ ಶುರು ಮಾಡಿದ.

"ಏನೋ ದಲಾಲ, ದನ ಮಾರೋದು ಬಿಟ್ಟು ಹೊಲಸು ಮಾರಾಕ ನಿಂತೀಯಂತಲ್ಲ?"

"ಮಾರಾಕಲ್ರಿ ಯಜಮಾನ್ರ, ತೊಳಿಯಾಕ."

"ತೊಳದ ನೀರಾಗ ಏನೈತಿ? ಜೀವಾನ ಇಲ್ಲ ಅದಕ್ಕ. ಮೋರಿ ನೀರು ಹರೀವಾಗ ನನ್ನ ಹುಲ್ಲು ಸೊಂಟಮಟ ಬೆಳೀತಿತ್ತು. ಎಮ್ಮಿ ಎರಡು ಹೊತ್ತು ಬಕೆಟ್ ತುಂಬಿಸ್ತಿದ್ವು. ನಿಮ್ಮ ಪ್ಲಾಂಟು ಬಂದು ಅವುಗಳ ಬಾಯಾಗಿಂದ ಕಸಕೊಂತು. ಈಗ ಪೈಪಿಗೂ ನನ್ನ ಹೊಲಾನ ಬೇಕಾ?"

ಅವನ ಮಾತು ಸುಳ್ಳಲ್ಲ. ನಮಗೆ ಹೊಲಸಾದದ್ದು ಅವನ ಹುಲ್ಲಿಗೆ ಗೊಬ್ಬರ. ನನಗೆ ಆಗಲೇ ವ್ಯಾಪಾರದ ದಾರಿ ಕಂಡಿತು. ನಾನು ಏನೂ ಅನ್ನುವ ಮುಂಚೆಯೇ ಮುದುಕ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿ, ಒಳಗೆ ತನ್ನ ಕೈ ತೂರಿಸಿದ. ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನಿಂತ ಹತ್ತು ಮಂದಿಗೆ ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಬೆಲೆ ಮಾತ್ರ ತಿಳಿಯುವುದಿಲ್ಲ.

ಅವನು ನಾಲ್ಕು ಬೆರಳು ಹಿಡಿದ. ಪೈಪು ಹೂಳಲು ಬಿಟ್ಟರೆ ದಿನಕ್ಕೆ ನಾಲ್ಕು ತಾಸು ಶುದ್ಧ ಮಾಡದ ನೀರು ಬೇಕು ಎಂದರ್ಥ. ನಾನು ಎರಡು ಹಿಡಿದೆ. ಅವನು ತಲೆ ಅಲ್ಲಾಡಿಸಿದ. ಕೊನೆಗೆ ಮೂರಕ್ಕೆ ನಿಂತೆವು. ಬೆಳಿಗ್ಗೆ ಆರರಿಂದ ಒಂಬತ್ತು.

"ಹುಲ್ಲಿಗಷ್ಟೇ ಅಲ್ಲೇನ್ರಿ?" ಎಂದು ಕೇಳಿದೆ.

"ಮತ್ತೇನು ನಾನು ಕುಡಿಯಾಕೇನು?" ಎಂದು ನಕ್ಕ.

ಚಹಾ ಆರುವ ಮೊದಲು ಕೆಲಸ ಮುಗಿದಿತ್ತು. ಎಂಟು ದಿನದಲ್ಲಿ ಪೈಪು ಹೂಳಿಸಿದೆ. ಎಂಜಿನಿಯರು ಬೆನ್ನು ತಟ್ಟಿ "ಹೆಂಗ ಒಪ್ಪಿಸಿದ್ರಿ?" ಅಂದಾಗ "ನಮ್ಮ ವಿದ್ಯಾ ಬ್ಯಾರೆ ರಿ ಸಾರ್" ಅಂದೆ. ಆ ಮಾತು ನೆನಪಾದರೆ ಈಗ ಕಿವಿ ಬಿಸಿಯಾಗುತ್ತದೆ.

ಪ್ಲಾಂಟಿಗೆ ನೀರು ಬರುವ ಬಾಯಲ್ಲಿ ಒಂದು ಕಬ್ಬಿಣದ ಗೇಟು ಇರುತ್ತದೆ. ಪಂಪುಗಳೆಲ್ಲ ಕೆಟ್ಟು ನೀರು ಉಕ್ಕಿ ಬಂದರೆ ಮಾತ್ರ, ಅದೂ ಎಂಜಿನಿಯರಿಗೆ ತಿಳಿಸಿ, ಅದನ್ನು ಎತ್ತಬೇಕು. ಎತ್ತಿದರೆ ಹೊಲಸು ನೀರು ಪ್ಲಾಂಟಿಗೆ ಬಾರದೆ ಪಕ್ಕದ ಕಾಲುವೆಗೆ ಹೋಗುತ್ತದೆ. ಆ ಕಾಲುವೆ ಮುದುಕನ ಹೊಲದ ಅಂಚಿನಲ್ಲೇ ಇತ್ತು. ಬೀಗದ ಕೈ ನನ್ನಲ್ಲಿತ್ತು. ಅದನ್ನು ಆಪರೇಟರಿಗೆ ಕೊಟ್ಟೆ. ಅವನು ಮೂವತ್ತು ವರ್ಷ ನೀರಿನ ಟ್ಯಾಂಕಿನ ವಾಲ್ವು ತಿರುವಿದ ಮನುಷ್ಯ, ಮಾತು ಕಡಿಮೆ.

"ಅಣ್ಣಾರ, ಲ್ಯಾಬ್ ಅಕ್ಕಾರಿಗೆ ಹೇಳ್ಲೇನ್ರಿ?"

"ಬ್ಯಾಡ. ಆರಕ್ಕ ಎತ್ತು, ಒಂಬತ್ತಕ್ಕ ಇಳಸು. ಯಾರನ್ನೂ ಕೇಳಬ್ಯಾಡ, ಯಾರಿಗೂ ಹೇಳಬ್ಯಾಡ."

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಲ್ಯಾಬ್ ಅಕ್ಕ ಅಂದರೆ ನೀರಿನ ಪರೀಕ್ಷೆ ನೋಡುವ ಹೆಣ್ಣುಮಗಳು. ನಾರಾಯಣಪೇಟೆಯವಳು, ಗದ್ವಾಲಿಗೆ ಕೊಟ್ಟಿದ್ದರು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬೆಳಿಗ್ಗೆ ಬಸ್ಸಿಗೆ ಬಂದು ಹತ್ತಕ್ಕೆ ಕೆಲಸಕ್ಕೆ ನಿಲ್ಲುತ್ತಿದ್ದಳು. ಬಂದ ಕೂಡಲೇ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಗಾಳಿ ತೊಟ್ಟಿಯ ನೀರು ತುಂಬಿ ಕಿಟಕಿಯಲ್ಲಿಟ್ಟು ಅರ್ಧ ಗಂಟೆ ಮುಟ್ಟುತ್ತಿರಲಿಲ್ಲ. ಆರೋಗ್ಯವಾಗಿದ್ದರೆ ಕೆಸರು ಜಾಡಿಯ ಕೆಳಗಿನ ಮೂರನೇ ಒಂದು ಪಾಲಿಗೆ ಕುಳಿತು ಮೇಲೆ ಕನ್ನಡಿಯಂಥ ನೀರು ನಿಲ್ಲಬೇಕು. ಪ್ಲಾಂಟ್ ನಡೆಸುವವರೇ, ನಿಮ್ಮ ಹತ್ತಿರ ಬೇರೆ ಏನಿಲ್ಲದಿದ್ದರೂ ಈ ಜಾಡಿ ಇರಲಿ. ಅದು ಸುಳ್ಳು ಹೇಳುವುದಿಲ್ಲ.

ಹತ್ತು ದಿನಕ್ಕೆ ಜಾಡಿ ಹೇಳತೊಡಗಿತು. ಕೆಸರು ತಳಕ್ಕೆ ಕೂಡಲಿಲ್ಲ. ಧೂಳಿನಂತೆ ಪುಡಿಯಾಗಿ ನೀರಿನಲ್ಲೇ ತೇಲಿತು. ಮೇಲಿನ ನೀರು ಅಕ್ಕಿ ತೊಳೆದಂತೆ ಮಬ್ಬು.

"ಹುಳ ಹಸದಾವ್ರಿ ಸಾರ್," ಎಂದಳು. "ಗಾಳಿ ಬರಾಬರ್ ಐತಿ, ಉಣ್ಣಾಕಿಲ್ಲ. ಊರಾಗ ನೀರು ಕಡಿಮಿ ಬಿಡಾಕತ್ಯಾರೇನು?"

ಬೆಳಗಿನ ಮೂರು ತಾಸೇ ಊರಿನವರೆಲ್ಲ ಎದ್ದು, ಸ್ನಾನ ಮಾಡಿ, ಪಾತ್ರೆ ತೊಳೆಯುವ ಹೊತ್ತು. ದಿನದ ಗಟ್ಟಿ ಊಟ ಅದೇ. ಅದನ್ನೇ ನಾನು ಟವೆಲ್ಲಿನ ಕೆಳಗೆ ಕೊಟ್ಟುಬಿಟ್ಟಿದ್ದೆ. ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ.

"ಬೆಲ್ಲ ಹಾಕೋಣವಾ," ಎಂದೆ.

ಬೆಲ್ಲದ ನೀರು ಅವಕ್ಕೆ ಸುಲಭದ ಊಟ, ಅದು ನಿಜ. ಅಗ್ಗಕ್ಕೆ ಸಿಕ್ಕಿತೆಂದು ಕಪ್ಪು ಬೆಲ್ಲದ ಎಂಟು ಮೂಟೆ ತರಿಸಿದೆ. ನೀರು ತಿಳಿಯಾಗಲೆಂದು ಪಟಿಕದ ಎರಡು ಮೂಟೆ. ಮಾರನೆಯ ದಿನವೇ ಅಬಕಾರಿಯವರ ಜೀಪು ಬಾಗಿಲಿಗೆ ಬಂತು. ಕಪ್ಪು ಬೆಲ್ಲ, ಪಟಿಕ ಎರಡೂ ಒಟ್ಟಿಗೆ ಕೊಳ್ಳುವವರು ನಮ್ಮಲ್ಲಿ ಕಳ್ಳಭಟ್ಟಿ ಕಾಯಿಸುವವರು ಮಾತ್ರ.

"ಎಲ್ಲೈತ್ರಿ ಭಟ್ಟಿ?" ಎಂದು ಇನ್ಸ್‌ಪೆಕ್ಟರು ಕೇಳಿದರು. ಆಕೆ ಅವರನ್ನು ಗಾಳಿ ತೊಟ್ಟಿಯ ದಂಡೆಗೆ ಕರೆದೊಯ್ದು, "ಇದೇ ರಿ ಭಟ್ಟಿ, ಕುಡಿಯೋರು ಒಳಗದಾರ, ನೋಡ್ರಿ" ಎಂದು ನೊರೆ ತೋರಿಸಿದಳು. ಅವರು ಮೂಗು ಮುಚ್ಚಿಕೊಂಡು ನಗುತ್ತ ಹೋದರು. ನಾವೂ ನಕ್ಕೆವು. ಆಪರೇಟರ್ ಒಬ್ಬ ನಗಲಿಲ್ಲ. ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದ.

ಬೆಲ್ಲ ಎರಡು ದಿನ ಆಸರೆಯಾಯಿತು, ಮತ್ತೆ ಅದೇ ಮಬ್ಬು. ಆಕೆ ಬ್ಲೋವರಿನ ತಾಸು ಕಡಿಮೆ ಮಾಡಿ ನೋಡಿದಳು, ಕೆಸರು ತಿರುಗಿಸುವ ಪಂಪು ಬಿಚ್ಚಿಸಿದಳು, ಪೈಪಿನಲ್ಲಿ ಬಿರುಕಿದೆಯೇ ಎಂದು ಬಗ್ಗಿ ಕಿವಿಯಿಟ್ಟು ಕೇಳಿದಳು. ಮಗನ ಜವಳಕ್ಕೆಂದು ಮೂರು ದಿನ ರಜೆ ಕೇಳಿದ್ದವಳು ಕೂದಲು ತೆಗೆಸಿದ ದಿನ ಸಂಜೆಯೇ ಬಸ್ಸು ಹತ್ತಿ ಬಂದಳು. ರಿಜಿಸ್ಟರಿನಲ್ಲಿ ದಿನವೂ ಬರೆಯುತ್ತಿದ್ದಳು: 'ಕೆಸರು ಕೂಡುತ್ತಿಲ್ಲ. ಕಾರಣ ತಿಳಿದಿಲ್ಲ.' ಕೆಳಗೆ ನಾನು ಸಹಿ ಹಾಕುತ್ತಿದ್ದೆ. ಒಂದು ದಿನವಂತೂ, ದೇವರಾಣೆಗೂ ಸುಳ್ಳಲ್ಲ, "ಇನ್ನಾ ಸ್ವಲ್ಪ ಓದಬೇಕವಾ ನೀನು" ಎಂದು ಬುದ್ಧಿ ಹೇಳಿದೆ. ಆಕೆ "ಹೌದ್ರಿ ಸಾರ್" ಎಂದಳು.

ಇಷ್ಟರಲ್ಲಿ ಮುಂಗಾರಿನ ಮಿರಗದ ಮಳೆ ಬಂತು. ಎರಡು ದಿನ ಹಿಡಿದು ಸುರಿಯಿತು. ಹೊಲ ತೊಯ್ದಿದೆ, ನೀರು ಬೇಡವೆಂದು ಮುದುಕ ಕಾಲುವೆಯಿಂದ ತನ್ನ ಹೊಲಕ್ಕೆ ನೀರು ತಿರುಗುವ ಮಡೆಗೆ ಮಣ್ಣು ಒಟ್ಟಿ ಮುಚ್ಚಿದ. ಆಪರೇಟರ್ ಎಂದಿನಂತೆ ಆರಕ್ಕೆ ಗೇಟು ಎತ್ತಿದ. ಯಾರನ್ನೂ ಕೇಳಬೇಡ, ಯಾರಿಗೂ ಹೇಳಬೇಡ ಎಂದಿದ್ದೆನಲ್ಲ, ಅವನು ಕೇಳಲಿಲ್ಲ, ಹೇಳಲಿಲ್ಲ. ಹೊಲಕ್ಕೆ ದಾರಿ ಸಿಗದ ಹೊಲಸು ಕಾಲುವೆಯ ಅಂಚು ಹಿಡಿದು ನೆಟ್ಟಗೆ ಹಳ್ಳಕ್ಕೆ ಇಳಿಯಿತು. ದಿನಕ್ಕೆ ಮೂರು ತಾಸು.

ಹಳ್ಳದ ಕೆಳಗೆ ಒಂದು ಊರಿದೆ. ಅಲ್ಲಿ ಮನೆಮನೆಗೆ ನಲ್ಲಿ ಬಂದಿದೆ. ಆದರೂ ಹಳ್ಳದ ಮರಳಿನಲ್ಲಿ ತೋಡಿದ ಬಾವಿಯ ನೀರಿಗೇ ತೊಗರಿ ಬೇಳೆ ಚೆನ್ನಾಗಿ ಬೇಯುತ್ತದೆ ಎಂದು ಹೆಂಗಸರು ಬೆಳಿಗ್ಗೆ ಕೊಡ ಹಿಡಿದು ಅಲ್ಲಿಗೇ ಹೋಗುತ್ತಾರೆ. ಬೇಳೆಗೆ ತಂದದ್ದನ್ನೇ ಕುಡಿಯುತ್ತಾರೆ. ಮೂರನೆಯ ದಿನ ಆ ಊರಿನಲ್ಲಿ ವಾಂತಿ, ಭೇದಿ ಶುರುವಾಯಿತು. ಒಬ್ಬ ಮುದುಕಿಯನ್ನು ಮಕ್ತಲ್ ಆಸ್ಪತ್ರೆಗೆ ಸೇರಿಸಿ ಸಲೈನ್ ಹಚ್ಚಿದರು.

ಸುದ್ದಿ ಕೇಳಿ ಲ್ಯಾಬಿನ ಹೆಣ್ಣುಮಗಳು ತಾನಾಗಿ ನಡೆದು ಹೋಗಿ ಬಾವಿಯ ನೀರನ್ನು ಪುಟ್ಟ ಸೀಸೆಯಲ್ಲಿ ತುಂಬಿ ತಂದಳು. ಆ ಸೀಸೆಯಲ್ಲಿ ಮೊದಲೇ ಒಂದು ಔಷಧಿ ಇರುತ್ತದೆ. ನೀರಿಗೆ ಮಲ ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಅದನ್ನು ಇಟ್ಟಾಗ ಎಮ್ಮೆಯ ಕೊಂಬಿನಷ್ಟು ಕಪ್ಪಗಿತ್ತು. ಪಕ್ಕದಲ್ಲಿ ಮಡಚಿದ ಒಂದು ಕಾಗದ.

"ತಪ್ಪು ನಂದೇ ರಿ ಸಾರ್. ನೀರು ಮಬ್ಬಿತ್ತು, ಆ ಮಬ್ಬಿಗೇ ಕ್ಲೋರಿನ್ ಎಲ್ಲಾ ಖರ್ಚಾಗೇದ. ನಾ ಗೊತ್ತಿದ್ದೂ ಹಳ್ಳಕ್ಕ ಬಿಟ್ಟೆ. ಬರದು ಕೊಟ್ಟೀನಿ. ಕೆಲಸ ಬಿಡ್ತೀನ್ರಿ."

ಓದಿದೆ. ಎಲ್ಲ ಹೊಣೆ ತನ್ನದೆಂದು, ಕೆಳಗೆ ಸಹಿ. ಕಾಗದ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, "ಆತು, ನೋಡೋಣು ಹೋಗವಾ" ಎಂದೆ.

ಆ ದಿನವೇ ಗೇಟು ಇಳಿಸಿ ಬೀಗದ ಕೈ ತಿರುಗಿ ತೆಗೆದುಕೊಂಡೆ. ಆದರೆ ಆ ಕಾಗದ ಅರ್ಧ ದಿನ ನನ್ನ ಜೇಬಿನಲ್ಲಿತ್ತು. ಯಾಕೆ ಎಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ಲೆಕ್ಕ ಹಾಕುತ್ತಿದ್ದೆ. ಯಾರೋ ಒಬ್ಬರು ತಪ್ಪು ಒಪ್ಪಿ ಸಹಿ ಹಾಕಿ ಕೊಟ್ಟಿದ್ದಾರೆ. ಗೇಟಿನ ಸಂಗತಿ ಗೊತ್ತಿದ್ದದ್ದು ಮೂವರಿಗೆ. ಮುದುಕ ಹೇಳುವುದಿಲ್ಲ, ಆಪರೇಟರ್ ಮಾತಾಡುವುದಿಲ್ಲ. ಆಕೆಗೆ ಗದ್ವಾಲಿನಲ್ಲೇ ಎಲ್ಲಿಯಾದರೂ ಕೆಲಸ ಕೊಡಿಸಿದರಾಯಿತು, ಮಗುವಿಗೂ ಹತ್ತಿರ. ಹೀಗೆ ನನಗೆ ನಾನೇ ದಲಾಲಿ ಮಾಡಿಕೊಂಡು ಆ ಕೆಟ್ಟ ಮಾಲನ್ನು ಒಳ್ಳೆಯದೆಂದು ಒಪ್ಪಿಸುತ್ತಿದ್ದೆ.

ಆಮೇಲೆ ಒಂದು ಟ್ಯಾಂಕರಿನಲ್ಲಿ ಕುಡಿಯುವ ನೀರು ತುಂಬಿಸಿಕೊಂಡು ಕೆಳಗಿನ ಊರಿಗೆ ಹೋದೆ. ನೀರು ಕೊಟ್ಟರೆ ಮನಸ್ಸು ಹಗುರವಾಗುತ್ತದೆ ಅನ್ನಿಸಿತ್ತು. ಟ್ಯಾಂಕರ್ ಗುಡಿಯ ಮುಂದೆ ನಿಂತ ಕೂಡಲೇ ಕೊಡಗಳು ಸಾಲುಗಟ್ಟಿದವು. ಹೆಂಗಸೊಬ್ಬಳು, "ಪುಣ್ಯೇವು ಬರಲಪ್ಪಾ, ಯಾರೂ ಹೊರಳಿ ನೋಡಿದ್ದಿಲ್ಲ" ಎಂದಳು. ಇನ್ನೊಬ್ಬಳು ಕೂಡಲು ಮಂಚ ತಂದಳು. ಆಸ್ಪತ್ರೆಯಿಂದ ಬಂದಿದ್ದ ಆ ಮುದುಕಿ ಗೋಡೆಗೆ ಒರಗಿ ಕೂತಿದ್ದಳು, ಮುಂಗೈಗೆ ಇನ್ನೂ ಹತ್ತಿಯ ಪಟ್ಟಿ ಅಂಟಿತ್ತು. ಆಕೆ ಹೇಳಿದಳು:

"ಆ ಪ್ಲಾಂಟಿನ ಹೆಣ್ಮಗಳು ಬಂದಿದ್ಲಪ್ಪಾ. ನನ್ನ ಮೊಮ್ಮಗಳ ವಯಸ್ಸು. ಎಲ್ಲಾರ ಮುಂದ ಕೈ ಮುಗುದು, ನನ್ನಿಂದ ನಿಮಗ ಹಿಂಗಾತು ಅಂತ ಅತ್ಲು. ನಾನಾ ಸಮಾಧಾನ ಮಾಡಿ ಕಳಿಸೀನಿ. ಅಕೀಗೆ ಬೈಬ್ಯಾಡ ನೀನು."

ನಾನು ಮಂಚದ ಮೇಲೆ ಕೂತಿದ್ದೆ. ಕೈಯಲ್ಲಿ ಅವರೇ ಕೊಟ್ಟ ಚಹಾ ಇತ್ತು. ಜೇಬಿನಲ್ಲಿ ಕಾಗದ. ಎದ್ದು ನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಇಷ್ಟು ವರ್ಷದಲ್ಲಿ ಯೋಚಿಸದೆ ಬಾಯಿ ಬಿಟ್ಟದ್ದು ಅದೊಂದೇ ಸಲ.

"ಅಕೀದು ತಪ್ಪಲ್ಲ ಅವ್ವಾ. ಹೊಲಸು ನೀರಿನ ಗೇಟು ಎತ್ತಸಿದ್ದು ನಾನು. ಅಕೀಗೆ ಗೊತ್ತಾ ಇಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಟವೆಲ್ಲು, ಮೂರು ತಾಸು, ಮುದುಕನ ಹುಲ್ಲು, ಎಲ್ಲ ಬಿಡಿಸಿ ಹೇಳಿದೆ. ಹೇಳುತ್ತ ಹೋದಂತೆ ಕೊಡಗಳ ಸದ್ದು ನಿಂತಿತು. ಮಂಚ ತಂದವಳೇ ಕೇಳಿದಳು:

"ಅಂದ್ರ ಈ ನೀರು ತಂದ ಕೈನೂ ಅದಾ, ಹೊಲಸು ಬಿಟ್ಟ ಕೈನೂ ಅದಾ ಏನಪ್ಪಾ?"

"ಹೌದವ್ವಾ."

ಅವಳು ತುಂಬಿದ ಕೊಡವನ್ನು ನನ್ನ ಕಾಲಿನ ಹತ್ತಿರವೇ ನೆಲಕ್ಕೆ ಬಗ್ಗಿಸಿದಳು. ಅವಸರ ಮಾಡಲಿಲ್ಲ, ಪೂರಾ ಖಾಲಿಯಾಗುವವರೆಗೆ ಹಿಡಿದುಕೊಂಡಿದ್ದಳು. ಆಮೇಲೆ ಮಂಚ ಎತ್ತಿಕೊಂಡು ಒಳಗೆ ಹೋದಳು. ಮುದುಕಿ ಮಾತ್ರ, "ಟ್ಯಾಂಕರ್ ಇರಲಿ, ಕೂಸುಗಳದಾವ. ನೀನು ಹೋಗು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಪ್ಲಾಂಟಿಗೆ ಬಂದು ಆಪರೇಟರನ್ನೂ ಲ್ಯಾಬಿನ ಹೆಣ್ಣುಮಗಳನ್ನೂ ಕರೆದು ಮತ್ತೆ ಎಲ್ಲ ಹೇಳಿದೆ. ಆಕೆ ಕೊನೆಗೆ ಕೈ ಚಾಚಿ, "ಚಾವಿ ಕೊಡ್ರಿ" ಎಂದಳು. ಕೊಟ್ಟೆ. ರಿಜಿಸ್ಟರ್ ತೆಗೆದು 'ಕಾರಣ ತಿಳಿದಿಲ್ಲ' ಎಂದಿದ್ದ ಪ್ರತಿ ಸಾಲಿನ ಕೆಳಗೂ ಗೇಟು ಎತ್ತಿದ ಸಂಗತಿಯನ್ನು ನನ್ನ ಅಕ್ಷರದಲ್ಲೇ ಬರೆದೆ. ಹತ್ತೊಂಬತ್ತು ಸಲ ಬರೆಯಬೇಕಾಯಿತು. ಅದರ ಪ್ರತಿಯನ್ನು ಎಂಜಿನಿಯರಿಗೆ ಕೊಟ್ಟೆ. ನೋಟೀಸು, ದಂಡ, ಎಲ್ಲ ಬಂತು, ಬರಬೇಕಾದದ್ದೇ.

ಮರುದಿನ ಗೇಟಿನ ಎರಡೂ ಪಕ್ಕಕ್ಕೆ ವೆಲ್ಡಿಂಗ್ ಮಾಡಿಸಿದೆವು. ಎತ್ತಲೇಬೇಕಾದ ಹೊತ್ತು ಬಂದರೆ ಕತ್ತರಿಸಬೇಕು, ಕತ್ತರಿಸಿದರೆ ಗುರುತು ಉಳಿಯಬೇಕು ಎಂಬುದು ಆಕೆಯ ಮಾತು. ಎಂಜಿನಿಯರೂ ಒಪ್ಪಿ ಸಹಿ ಹಾಕಿದರು. ಬಾವಿಯ ನೀರನ್ನೆಲ್ಲ ಎತ್ತಿ, ಬ್ಲೀಚಿಂಗ್ ಹಾಕಿ, ಸೀಸೆ ಕಪ್ಪಾಗದೆ ಉಳಿಯುವವರೆಗೆ ಮತ್ತೆ ಮತ್ತೆ ಎತ್ತಿಸಿದೆವು. ಅಲ್ಲಿಯವರೆಗೆ ಟ್ಯಾಂಕರ್ ದಿನವೂ ಹೋಯಿತು, ನಾನು ಹೋಗಲಿಲ್ಲ. ದೂರದ ಇನ್ನೊಂದು ಪ್ಲಾಂಟಿನಿಂದ ಜೀವವಿರುವ ಕೆಸರನ್ನು ತಂದು ಗಾಳಿ ತೊಟ್ಟಿಗೆ ಸುರಿದೆವು. ದಾರಿಯಲ್ಲಿ ಉಸಿರುಕಟ್ಟಿ ಸಾಯದಂತೆ ಟ್ಯಾಂಕರಿನೊಳಗೆ ಪಂಕ್ಚರ್ ಅಂಗಡಿಯ ಗಾಳಿ ಪಂಪಿನ ಪೈಪು ಬಿಟ್ಟುಕೊಂಡೇ ತಂದದ್ದು. ಬೆಳಗಿನ ಗಟ್ಟಿ ಊಟ ಮತ್ತೆ ಬೀಳತೊಡಗಿತು. ಜಾಡಿಯಲ್ಲಿ ಮೊದಲು ಒಂದು ಬೆರಳು ತಿಳಿ ಕಂಡಿತು, ಆಮೇಲೆ ಒಂದು ಗೇಣು.

ಮುದುಕ ಸುಮ್ಮನಿರಲಿಲ್ಲ. ಒಂದು ದಿನ ಬಂದು ಹೆಗಲ ಟವೆಲ್ ತೆಗೆದ. "ಬಾ ದಲಾಲ, ಇನ್ನೊಮ್ಮಿ ಹಿಡಿ. ನನ್ನ ಪಾಲಿಂದು ಏನಾತು?"

ನಾನು ಟವೆಲ್ ತೆಗೆದುಕೊಂಡು ಮಡಚಿ ಅವನ ಹೆಗಲಿಗೇ ಹಾಕಿದೆ. ಆಪರೇಟರನ್ನೂ ಆಕೆಯನ್ನೂ ಕರೆದೆ.

"ಇವ್ರ ಮುಂದ ಬಾಯಿಲೆ ಹೇಳ್ರಿ ಯಜಮಾನ್ರ."

"ಬಾಯಿಲೆ ಹೇಳಿದ್ರ ಅದೆಂಥಾ ವ್ಯಾಪಾರೋ ಮಾರಾಯ!"

ಬೈದುಕೊಂಡೇ ಹೇಳಿದ. ಅವನ ನಷ್ಟ ನಿಜವಾದದ್ದು. ಶುದ್ಧವಾದ ನೀರನ್ನೇ ಹೊಲಕ್ಕೆ ಬಿಡುವುದು, ಒಣಗಿಸಿ ಪರೀಕ್ಷೆ ಮಾಡಿದ ಕೆಸರನ್ನು ಹುಲ್ಲಿಗೆ ಮಾತ್ರ ಗೊಬ್ಬರವಾಗಿ ಕೊಡುವುದು ಎಂದು ಎಂಜಿನಿಯರಿಂದ ಬರೆಸಿದೆವು. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಇಂಥ ಕೆಲಸಕ್ಕೆ ಬರುವವರಿಗೆ ನನ್ನ ಸಲಹೆ ಇಷ್ಟೇ: ಗೇಟಿನ ಚಾವಿ ಒಬ್ಬರ ಕೈಯಲ್ಲಿ ಇಡಬೇಡಿ, ಮತ್ತು ನಿಮ್ಮ ನೀರು ಪರೀಕ್ಷೆ ಮಾಡುವವರ ಮುಂದೆ ಆಡಲಾಗದ ಮಾತನ್ನು ಬೇರೆ ಯಾರೊಂದಿಗೂ ಆಡಬೇಡಿ.

ಆಕೆ ಕೆಲಸ ಬಿಡಲಿಲ್ಲ. ಒಂದು ದಿನ ತನ್ನ ಕಾಗದ ವಾಪಸು ಕೇಳಿದಳು. ಕೊಟ್ಟೆ. ಬೆವರಿಗೆ ಅದರ ಮಡಿಕೆಗಳು ಹಳದಿಯಾಗಿದ್ದವು. ಬಿಡಿಸಿ ನೋಡಿ ಕೇಳಿದಳು:

"ಹೇಳಾಕ ಮುಂಚೆ ಇದನ್ನ ಎಷ್ಟೊತ್ತು ಜೇಬಿನ್ಯಾಗ ಇಟ್ಕೊಂಡಿದ್ರಿ ಸಾರ್?"

"ಅರ್ಧ ದಿನ."

"ಸೋಮವಾರ ಮುಂಜಾನೆ ಕೊಟ್ಟೀನ್ರಿ. ಟ್ಯಾಂಕರ್ ಹೋಗಿದ್ದು ಮಂಗಳವಾರ ಸಂಜೀಕ."

ಮೇಲೆ ನಿಮಗೂ ಅರ್ಧ ದಿನ ಎಂದೇ ಬರೆದಿದ್ದೇನೆ. ತಿದ್ದಿಲ್ಲ. ತಪ್ಪು ಒಪ್ಪಿಕೊಳ್ಳುವಾಗಲೂ ಅದರ ಬೆಲೆ ಇಳಿಸಿ ಹೇಳಿದವನು ನಾನು ಎಂಬುದು ನಿಮಗೂ ಗೊತ್ತಿರಲಿ.

ಆಕೆ ಕಾಗದವನ್ನು ಹರಿಯಲಿಲ್ಲ. ಅದರ ಮೂಲೆಯಲ್ಲಿ 'ಒಂದೂವರೆ ದಿನ' ಎಂದು ಬರೆದು, ರಿಜಿಸ್ಟರಿನ ಮೊದಲ ಪುಟಕ್ಕೆ ಅಂಟಿಸಿದಳು. ಈಗಲೂ ಸಹಿ ಹಾಕಲು ರಿಜಿಸ್ಟರ್ ತೆಗೆದಾಗ ಆ ಪುಟವನ್ನು ದಾಟಿಯೇ ಮುಂದೆ ಹೋಗಬೇಕು.